ಹಾಡಿನ ನಡುವೆ ಗಡಿಯ ಮಾತು

ಔರಾದ ಸೀಮೆಯ ನಮ್ಮ ಎಕಂಬಾದ ಓಣಿಯಲ್ಲಿ ಕನ್ನಡದ ಮನೆಗಳೂ ಇವೆ, ಮರಾಠಿ ಮನೆಗಳೂ ಇವೆ. ಸೋಮವಾರದ ಭಜನೆಯಲ್ಲಿ ನಾವು ಹೆಂಗಸರು ಬಸವಣ್ಣನ ವಚನವನ್ನೂ ತುಕಾರಾಮರ ಅಭಂಗವನ್ನೂ ಹಾಡುತ್ತೇವೆ. ಬೀದರ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಗಡಿಯ ತಕರಾರನ್ನು ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದದ್ದು 2004ರಲ್ಲಿ. ಒಂದು ಸಂಜೆ ಆ ಮಾತು ಭಜನೆಯ ನಡುವೆ ಬಂತು. "ಅಭಂಗ ಸಾಕು, ಇದು ಕರ್ನಾಟಕ" ಎಂದಳು ಒಬ್ಬಾಕೆ. ಮರಾಠಿ ಮನೆಯ ಕಾಕಿ ತಾಳ ಕೆಳಗಿಟ್ಟರು. ನಾನು ಟೀಚರಮ್ಮನ ಗತ್ತಿನಲ್ಲಿ, "ಇಲ್ಲಿ ರಾಜಕೀಯ ಬೇಡ" ಎಂದೆ. ಗದ್ದಲ ನಿಂತಿತು. ಮುಂದಿನ ಸೋಮವಾರ ಕಾಕಿ ಬರಲಿಲ್ಲ.

ನನ್ನ ತಪ್ಪು ತಿಳಿದದ್ದು ಶೂನ್ಯಸಂಪಾದನೆ ಓದುವಾಗ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮ ಅಲ್ಲಿ ಕಟುವಾಗಿಯೇ ಪ್ರಶ್ನಿಸುತ್ತಾನೆ. ಆದರೆ ಆಕೆಗೆ ಉತ್ತರಿಸಲು ಎಡೆಯಿದೆ, ಕೊನೆಗೆ ಗೌರವವೂ ಇದೆ. ನಾವು ವಚನದ ರಾಗ ಕಲಿತೆವು, ಈ ರೀತಿಯನ್ನು ಕಲಿಯಲಿಲ್ಲ. ಎಲ್ಲರ ಬಾಯಿ ಮುಚ್ಚಿಸಿದಾಗ ನೋಯಿಸಿದವಳೂ ನೊಂದವಳೂ ಒಂದೇ ತಕ್ಕಡಿಗೆ ಬೀಳುತ್ತಾರೆ.

ಮನೆಗೆ ಹೋಗಿ, "ಅವತ್ತು ನಿಮ್ಮ ಪರ ಮಾತಾಡಬೇಕಿತ್ತು ಕಾಕಿ" ಎಂದೆ. ಈಗ ಮೊದಲು ಹಾಡು, ಚಹಾದ ಹೊತ್ತಿಗೆ ವಾದ. ವಿಷಯ ಹಿಡಿದು ಮಾತಾಡಬೇಕು, ಮನೆಮಾತು ಹಿಡಿದಲ್ಲ. ಕಾಕಿ ಮತ್ತೆ ಬರುತ್ತಿದ್ದಾರೆ. ಅವರ ತಾಳ ಮಾತ್ರ ಇನ್ನೂ ತುಸು ಮೆಲ್ಲಗಿದೆ.