ಚಿಗರಿ ಹೊಲದಾಗಿರಲಿ

ವಿಸ್ಕಾನ್ಸಿನ್‌ನಲ್ಲಿರುವ ನನ್ನ ತಂಗಿಯ ಮಗ ಪ್ರತಿ ನವೆಂಬರಿನಲ್ಲಿ ಜಿಂಕೆ ಬೇಟೆಗೆ ಹೋಗುತ್ತಾನೆ. ಅಲ್ಲಿ ಅದಕ್ಕೆ ಲೈಸೆನ್ಸು ಕೊಡುತ್ತಾರೆ, ಬಂದೂಕಿಗೆ ಒಂಬತ್ತು ದಿನದ ಹಂಗಾಮು ಗೊತ್ತುಮಾಡುತ್ತಾರೆ, ಬೇಟೆಗಾರನನ್ನೇ ಜಿಂಕೆ ಎಂದು ಯಾರೂ ಹೊಡೆಯದಿರಲೆಂದು ಕಣ್ಣು ಕುಕ್ಕುವ ಬಣ್ಣದ ಅಂಗಿ ತೊಡಿಸುತ್ತಾರೆ. ಸಿಕ್ಕ ಮಾಂಸದಲ್ಲಿ ಅರ್ಧವನ್ನು ಅವನು ಖೀಮಾ ಮಾಡಿ, ಬಡೇಸೋಪು ಬೆರೆಸಿ, ಕರುಳಿನಲ್ಲಿ ತುಂಬಿ ಇಟಲಿ ಪದ್ಧತಿಯ ಸಾಸೇಜು ಮಾಡುತ್ತಾನೆ. ಈ ಸಲ ಫೋಟೊ ಕಳಿಸಿ, ಹಿಂದೆಯೇ ಫೋನೂ ಮಾಡಿದ.

“ಮಾಮಾ, ನಿಮ್ಮ ಕಡೆ ಚಿಗರಿ ಅವ ಅಂತ ಅವ್ವ ಹೇಳ್ತಾಳ. ನೀವೂ ಒಮ್ಮೆ ಮಾಡ್ರಲ್ಲ?”

“ಚಿಗರಿನೂ ಅವಪಾ, ಜೇಲೂ ಅದ,” ಅಂದೆ.

ಜಿಂಕೆ ಎನ್ನುವುದು ನಮಗೆ ಪಠ್ಯಪುಸ್ತಕದ ಮಾತು, ಬಾಯಲ್ಲಿರುವುದು ಚಿಗರಿ. ಹುಬ್ಬಳ್ಳಿ-ಧಾರವಾಡದವರು ತಮ್ಮ ವೇಗದ ಬಸ್ಸಿಗೂ ಅದೇ ಹೆಸರಿಟ್ಟುಕೊಂಡಿದ್ದಾರೆ. ಸೊಲ್ಲಾಪುರದಿಂದ ಬಾರ್ಶಿ ರಸ್ತೆ ಹಿಡಿದರೆ ನಾನ್ನಜ ಬರುತ್ತದೆ. ಮಾಳಢೋಕ, ಅಂದರೆ ನಮ್ಮ ಎರೆಬೂತ ಹಕ್ಕಿಗಾಗಿ 1979ರಲ್ಲಿ ಘೋಷಿಸಿದ ಅಭಯಾರಣ್ಯ ಅದು. ಹಕ್ಕಿ ನೋಡಲು ಹೋದವರು ಹಕ್ಕಿ ಕಾಣದೆ ಚಿಗರಿ ಹಿಂಡು ನೋಡಿ ಬರುತ್ತಾರೆ. ಕಡಲೆ ಹೊಲದವರು ಅವನ್ನು ಬಾಯಿತುಂಬ ಬೈಯುತ್ತಾರೆ, ಕೈ ಮಾತ್ರ ಎತ್ತುವಂತಿಲ್ಲ. 1972ರ ವನ್ಯಜೀವಿ ಕಾಯದೆಯ ಮೊದಲನೆಯ ಪಟ್ಟಿಯಲ್ಲೇ ಚಿಗರಿಯಿದೆ. ಹೊಡೆದರೆ ಮೂರರಿಂದ ಏಳು ವರ್ಷ ಸೆರೆ. ಅಕ್ಕಲಕೋಟೆಯ ಅರಮನೆಯಲ್ಲಿ ಸಾಲಾಗಿಟ್ಟ ಹಳೆಯ ಬಂದೂಕುಗಳನ್ನು ಕಂಡಾಗಲೆಲ್ಲ ಅವು ಗಾಜಿನ ಹಿಂದಿರುವುದೇ ಚೆಂದ ಅನಿಸುತ್ತದೆ.

ಫೋನ್ ಇಟ್ಟರೂ ಬಾಯಿ ಚಪಲ ಹೋಗಲಿಲ್ಲ. ಹುಡುಗ ಬರೆದು ಕಳಿಸಿದ ಅಳತೆಗಳನ್ನು ಎರಡನೇ ಸಲ ಓದಿದಾಗ ಗೊತ್ತಾದದ್ದು, ಈ ಅಡುಗೆಯಲ್ಲಿ ಜಿಂಕೆಯ ಪಾಲು ನಾವು ಎಣಿಸಿದಷ್ಟು ದೊಡ್ಡದಲ್ಲ. ಓಡಿ ಬದುಕುವ ಪ್ರಾಣಿಯ ಖಂಡದೊಳಗೆ ಚರಬಿ ಇರುವುದೇ ಇಲ್ಲ ಅನ್ನಬೇಕು. ಮೈಮೇಲೆ ಕೂತಿರುವ ಅಷ್ಟಿಷ್ಟು ಚರಬಿಯೂ ಮೇಣದಂಥದು, ಅಂಗುಳಕ್ಕೆ ಅಂಟುತ್ತದೆ. ಬೇಟೆಗಾರರು ಅದನ್ನು ಕೆತ್ತಿ ಒಗೆದು ಹಂದಿಯ ಬೆನ್ನಿನ ಚರಬಿ ಬೆರೆಸುತ್ತಾರೆ. ಅಲ್ಲಿಗೆ ಜಿಂಕೆಯಿಂದ ಸಿಗುವುದು ಒಣಕಲು ಕೆಂಪು ಖಂಡ ಅಷ್ಟೇ. ಅಂಥ ಖಂಡ ನಮ್ಮ ಓಣಿಯಲ್ಲೇ ಜಾಲಿಕಾಯಿ ಮೇಯುತ್ತ ಅಡ್ಡಾಡುತ್ತಿರುತ್ತದೆ. ಉಸ್ಮಾನಾಬಾದಿ ಆಡು: ಕರಿ ಮೈ, ಜೋತ ಕಿವಿ, ಬರಗಾಲಕ್ಕೆ ಬಗ್ಗದ ಜಾತಿ.

ಇಟಲಿ ಪದ್ಧತಿ ಅನ್ನುವ ಮಾತಿನ ಒಳಗೂ ಸ್ವಲ್ಪ ಇಣುಕಬೇಕು. ಇಟಲಿಯವರೆಲ್ಲ ಸಾಸೇಜಿಗೆ ಬಡೇಸೋಪು ಹಾಕುವುದಿಲ್ಲ. ಅದು ಹೆಚ್ಚಾಗಿ ಸಿಸಿಲಿ, ಕಲಾಬ್ರಿಯಾದಂಥ ದಕ್ಷಿಣದ ಸೀಮೆಗಳ ರೂಢಿ. ಅಲ್ಲಿಯ ಬಡವರು ಹಡಗು ಹತ್ತಿ ಅಮೆರಿಕಕ್ಕೆ ಹೋದಾಗ ಆ ವಾಸನೆಯನ್ನೂ ಒಯ್ದರು, ಅಲ್ಲಿಯವರಿಗೆ ಅದೇ ‘ಇಟಾಲಿಯನ್’ ಆಯಿತು. ಸಾಸೇಜನ್ನು ರೋಮಿನ ಸಿಪಾಯಿಗಳು ಕಲಿತದ್ದೂ ದಕ್ಷಿಣದ ಲುಕಾನಿಯಾದವರಿಂದಲೇ ಎಂದು ಹಳೆಯ ಲ್ಯಾಟಿನ್ ಬರಹಗಾರ ವಾರೋ ಹೇಳುತ್ತಾನೆ. ಲುಕಾನಿಕಾ ಎಂಬ ಹೆಸರು ಇವತ್ತಿಗೂ ಗ್ರೀಕರ ಬಾಯಲ್ಲಿ ಲುಕಾನಿಕೊ ಆಗಿ ಉಳಿದಿದೆ.

ಕರುಳಿನಲ್ಲಿ ಮಾಂಸ ತುಂಬುವುದು ಕೇಳಿ ಮೂಗು ಮುರಿಯುವವರು ನಮ್ಮ ಕಲ್ಯಾಣದ ಕಡೆಗೊಮ್ಮೆ ನೋಡಬೇಕು. ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗಕ್ಕೊಂದು ಅಧ್ಯಾಯವೇ ಇದೆ. ಕರುಳಿನೊಳಗೆ ನೆಣ, ಮಸಾಲೆ ಹಚ್ಚಿದ ಮಾಂಸ ತುಂಬಿ ಕೆಂಡದ ಮೇಲೆ ಸುಡುವ ‘ಮಂಡಲೀಯ’ ಅಲ್ಲಿ ಬರುತ್ತದೆ. ಅದೇ ಪುಸ್ತಕದಲ್ಲಿ ಜಿಂಕೆ ಬೇಟೆಯ ಬಗೆಗಳೂ ಇವೆ, ಆನೆ ಕುದುರೆಗಳೂ ಇವೆ, ರಾಜನಾದವನಿಗೆ ಏನೇನು ಬೇಕೋ ಎಲ್ಲ ಇದೆ. ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ನಮ್ಮಿಂದ ಒಂದು ಬೆಳಗಿನ ದಾರಿ. ಸಾಸೇಜು ನಮ್ಮ ಸೀಮೆಗೆ ಸಮುದ್ರ ದಾಟಿ ಬರಬೇಕಾಗಿರಲಿಲ್ಲ, ನಾವೇ ಮರೆತು ಕೂತಿದ್ದೆವು.

ಇನ್ನು ಕೆಲಸಕ್ಕೆ ಬರೋಣ. ನಮ್ಮೂರು ಸಲಗರ ಬುದ್ರುಕ. ಬುದ್ರುಕ ಎಂದರೆ ಫಾರ್ಸಿ ಮೂಲದಲ್ಲಿ ದೊಡ್ಡದು, ಖುರ್ದ ಎಂದರೆ ಸಣ್ಣದು. ಆದರೆ ದೊಡ್ಡ ಸಲಗರದಲ್ಲೂ ಸಾಸೇಜಿಗೆ ಬೇಕಾದ ತೊಳೆದ ಕರುಳು ಪಾಕೀಟಿನಲ್ಲಿ ಸಿಗುವುದಿಲ್ಲ. ಐತವಾರ ಬೆಳಿಗ್ಗೆ ಮಟನ್ ಅಂಗಡಿಯ ಮಾಮಾನಿಗೆ ಕುರಿಯ ಸಣ್ಣ ಕರುಳು ಕೇಳಿದೆ.

“ಬೋಟಿ ಬೇಕೇನ್ರಿ ಸರ?”

“ಬೋಟಿ ಅಲ್ಲ ಮಾಮಾ, ಬರೇ ಸಣ್ಣ ಕರುಳ. ಹರೀಬಾರದು, ಉದ್ದಕ ಇರಬೇಕು.”

“ಒಯ್ದು ಏನ್ ಮಾಡ್ತೀರಿ?”

“ಅದರಾಗ ಖೀಮಾ ತುಂಬತೀನಿ.”

ಅವನು ಸುರಿ ಕೆಳಗಿಟ್ಟು ನನ್ನ ಮುಖ ನೋಡಿದ. ದುಡ್ಡು ತಗೊಳ್ಳಲಿಲ್ಲ, ಪಾಪ ಅನಿಸಿರಬೇಕು.

ಕರುಳು ಹಸನು ಮಾಡುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸ ವಿದ್ಯೆಯಲ್ಲ, ಬೋಟಿ ತೊಳೆದ ಕೈಗೆ ಅದು ಗೊತ್ತು. ಆದರೆ ಬೋಟಿಗೆ ಬೇಡದ ಒಂದು ಹಂತ ಇಲ್ಲಿದೆ. ನೀರು ಹಾಯಿಸಿ, ಒಳಮೈ ಹೊರಗೆ ತಿರುವಿ, ಮಣೆಯ ಮೇಲೆ ಹಾಸಿ, ಚಾಕುವಿನ ಬೆನ್ನಿನಿಂದ ಮೆಲ್ಲಗೆ ಕೆರೆಯಬೇಕು. ಲೋಳೆಯೆಲ್ಲ ಹೋಗಿ ಕೊನೆಗೆ ಉಳಿಯುವುದು ಬೆರಳಚ್ಚು ಕಾಣುವಷ್ಟು ತೆಳ್ಳನೆಯ ಪೊರೆ. ಊದಿದರೆ ಉಬ್ಬುತ್ತದೆ, ತೂತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಅದನ್ನು ಉಪ್ಪಿನಲ್ಲಿಟ್ಟು, ಬೇಕಾದಾಗ ನೀರಿನಲ್ಲಿ ನೆನೆಸಿಕೊಳ್ಳಬೇಕು. ಮೊದಲ ಸಲ ನಾನು ಕೆರೆದದ್ದರಲ್ಲಿ ಅರ್ಧ ಹರಿದೇಹೋಯಿತು.

ಅಳತೆ ಹೀಗೆ: ಆಡಿನ ತೋಳಿನ ಖಂಡ 750 ಗ್ರಾಂ, ಚರಬಿ 250 ಗ್ರಾಂ. ಚರಬಿ ಎಂದ ಕೂಡಲೇ ಅಂಗಡಿಯವನು ಮೂತ್ರಪಿಂಡದ ಸುತ್ತಲಿನ ಬಿಳೀ ಗಟ್ಟಿ ಚರಬಿ ಎಸೆಯುತ್ತಾನೆ, ಅದು ಬೇಡ. ಜಿಂಕೆಯ ಚರಬಿಯಂತೆಯೇ ಅದೂ ಮೇಣ, ಬಾಯಿಯ ಬಿಸಿಗೆ ಕರಗುವುದಿಲ್ಲ. ಎದೆಯ ಮೇಲಿನ ಮೆತ್ತನೆಯ ಚರಬಿ ಕೇಳಿ ತರಬೇಕು. ಹಂದಿಯ ಚರಬಿಯ ನಯ ಅದಕ್ಕೂ ಬರುವುದಿಲ್ಲ, ಒಪ್ಪಿದೆ. ಬಿಸಿಯಾಗಿಯೇ ತಿಂದರೆ ಆ ಕೊರತೆ ಕಾಣುವುದಿಲ್ಲ. ಉಪ್ಪು 18 ಗ್ರಾಂ, ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಚಮಚದ ಲೆಕ್ಕ ಇಲ್ಲಿ ನಡೆಯದು. ಬಡೇಸೋಪು ಹತ್ತು ಗ್ರಾಂ, ಹುರಿದು ಕಲ್ಲಿನಲ್ಲಿ ಒಂದೆರಡು ಏಟು ಹಾಕಿದ್ದು, ಪುಡಿಯಾಗಬಾರದು. ಬಳ್ಳೊಳ್ಳಿ ನಾಲ್ಕೆಸಳು, ಕರಿಮೆಣಸು ತರಿತರಿ, ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು ಚೂರು ಮಾಡಿದ್ದು. ಮಸಾಲಿ ಖಾರದ ಡಬ್ಬಿಗೆ ಮಾತ್ರ ಕೈ ಹೋಗಬಾರದು. ನಮ್ಮ ಸೊಲ್ಲಾಪುರದ ಕರಿ ಮಸಾಲೆಯ ಮೇಲೆ ನನಗಿರುವ ಭಕ್ತಿ ದೊಡ್ಡದೇ, ಆದರೆ ಅದು ಬಿದ್ದರೆ ಬಡೇಸೋಪಿನ ದನಿ ಕೇಳಿಸುವುದಿಲ್ಲ.

ಹುಡುಗನ ಅಳತೆಯಲ್ಲಿ ಸ್ವಲ್ಪ ವೈನೂ ಇದೆ. ಅದು ಎಲ್ಲಿಂದ? ಇಲ್ಲೇ ನಮ್ಮ ಜಿಲ್ಲೆ ಒಂದು ತಮಾಷೆ ಇಟ್ಟುಕೊಂಡಿದೆ. ಕಬ್ಬು, ಸಕ್ಕರೆ ಕಾರ್ಖಾನೆಗಳ ಅಕಲೂಜ ಕಡೆಗೆ ಇಟಲಿಯ ಸೆಚ್ಚಿ, ದೆಹಲಿಯ ಸೇಖ್ರಿ, ಅಲ್ಲಿಯವರೇ ಆದ ಮೋಹಿತೆ-ಪಾಟೀಲ ಮನೆತನಗಳ ಅಣ್ಣತಮ್ಮಂದಿರು ಕೂಡಿ ದ್ರಾಕ್ಷಿ ತೋಟ ಮಾಡಿದ್ದಾರೆ. ಹೆಸರೂ ಫ್ರಾಟೆಲ್ಲಿ, ಇಟಲಿಯ ಮಾತಿನಲ್ಲಿ ಅಣ್ಣತಮ್ಮಂದಿರು ಎಂದೇ ಅರ್ಥ. ಟಸ್ಕನಿಯ ಸಂಜೊವೇಸೆ ದ್ರಾಕ್ಷಿ ಸೊಲ್ಲಾಪುರದ ಬಿಸಿಲಿನಲ್ಲಿ ಬೆಳೆಯುತ್ತದೆ. ಕಾಲು ಬಟ್ಟಲು ಸಾಕು, ಉಳಿದದ್ದನ್ನು ಏನು ಮಾಡಬೇಕೆಂದು ನಾನು ಹೇಳುವುದು ಬೇಡ.

ಇಷ್ಟೆಲ್ಲ ಹೊಂದಿಸಿಕೊಂಡ ಮೇಲೂ ನಾನು ಮೊದಲ ಸಲ ಸೋತೆ. ಕಾರಣ, ಮೇ ತಿಂಗಳು. ನಮ್ಮ ಅಡುಗೆಯೆಲ್ಲ ಬೆಂಕಿಯ ಲೆಕ್ಕದ್ದು, ಒಗ್ಗರಣೆ ಚಟಪಟ ಅನ್ನದಿದ್ದರೆ ಒಲೆ ಹೊತ್ತಿದೆಯೆಂದೇ ನಂಬದವರು ನಾವು. ಸಾಸೇಜು ತಂಪಿನ ಲೆಕ್ಕದ್ದು. ಖಂಡ, ಚರಬಿ, ಖೀಮಾ ಮಷೀನಿನ ಅಲಗು, ಪಾತ್ರೆ, ವೈನು ಎಲ್ಲವೂ ನಾಲ್ಕು ಡಿಗ್ರಿಯ ಕೆಳಗಿರಬೇಕು. ಮಧ್ಯಾಹ್ನ ಕರೆಂಟು ಹೋಯಿತು, ಫ್ರಿಜ್ಜು ಬೆವರಿತು. ಮಷೀನು ತಿರುವಿದಾಗ ಚರಬಿ ತುಂಡಾಗುವ ಬದಲು ಅರೆದುಹೋಗಿ ಅಲಗಿಗೆ ಬೆಣ್ಣೆಯಂತೆ ಮೆತ್ತಿಕೊಂಡಿತು. ಹಂಚಿಗೆ ಹಾಕಿದ ಮೇಲೆ ಆ ಚರಬಿಯೆಲ್ಲ ಹೊರಗೆ ಹರಿದು, ಪೊರೆಯೊಳಗೆ ಉಳಿದದ್ದು ಒಣ ಉಸುಕು. ಮನೆಯವಳು ಅದನ್ನು ಒಡೆದು ಉಳ್ಳಾಗಡ್ಡಿ ಹಾಕಿ ಖೀಮಾ ಪಲ್ಯ ಮಾಡಿದಳು. ಎಲ್ಲರೂ ಅದನ್ನೇ ಹೊಗಳಿದರು, ನನಗೆ ಅದು ಇನ್ನೂ ಚುಚ್ಚುತ್ತದೆ.

ಎರಡನೇ ಸಲ ಸಂಕ್ರಾಂತಿ ದಾಟಲೆಂದು ಕಾದೆ. ಸೊಲ್ಲಾಪುರದ ಸಿದ್ಧರಾಮನ ಜಾತ್ರೆ ಮುಗಿದ ಮರುವಾರ, ಬೆಳಗಿನ ಐದಕ್ಕೆ ಎದ್ದು ಅಂಗಳದಲ್ಲೇ ಮಷೀನು ಬಿಗಿದೆ. ಖಂಡವನ್ನು ಮುಕ್ಕಾಲು ತಾಸು ಫ್ರೀಜರಿನಲ್ಲಿಟ್ಟಿದ್ದೆ, ಅಂಚು ಗರಿಗರಿಯಾಗುವಷ್ಟು. ಈ ಸಲ ಜಾಲರಿಯಿಂದ ಬಂದ ಖೀಮಾದಲ್ಲಿ ಕೆಂಪು ಕೆಂಪಾಗಿ, ಬಿಳುಪು ಬಿಳುಪಾಗಿ ಬೇರೆಬೇರೆ ಕಾಣುತ್ತಿತ್ತು.

ಮುಂದಿನದು ಎರಡೇ ನಿಮಿಷದ ಕೆಲಸ, ಎಲ್ಲ ಇರುವುದು ಅದರಲ್ಲೇ. ಉಪ್ಪು, ಮಸಾಲೆ, ತಣ್ಣನೆ ವೈನು ಸುರಿದು ರೊಟ್ಟಿ ಹಿಟ್ಟಿನಂತೆ ನಾದಬೇಕು. ಮೊದಲು ಖೀಮಾ ಉದುರುದುರು, ವೈನು ಒಂದು ಕಡೆ, ಮಾಂಸ ಒಂದು ಕಡೆ. ಬೆರಳು ಜೋಮು ಹಿಡಿಯುವ ಹೊತ್ತಿಗೆ ಒಮ್ಮೆಲೇ ನೀರೆಲ್ಲ ಒಳಗೆ ಹೋಗಿ ಮುದ್ದೆ ಕೈ ಹಿಡಿಯುತ್ತದೆ. ಉಪ್ಪು ಮಾಂಸದೊಳಗಿನ ಮಯೋಸಿನ್ ಎಂಬ ಪ್ರೋಟೀನನ್ನು ಹೊರಗೆಳೆದಿರುತ್ತದೆ, ಅದೇ ಇಲ್ಲಿಯ ಅಂಟು. ಒಂದು ಉಂಡೆ ಅಂಗೈಗೆ ಒತ್ತಿ, ಕೈಯನ್ನು ಬೋರಲು ಹಾಕಿದೆ. ಬೀಳಲಿಲ್ಲ. ಇನ್ನೂ ನಾದುವುದು ತಪ್ಪು, ರಬ್ಬರಾಗುತ್ತದೆ.

ತುಂಬುವ ಯಂತ್ರ ನನ್ನಲ್ಲಿಲ್ಲ. ಅಗಲ ಬಾಯಿಯ ಆಲಿಕೆಗೆ ಪೊರೆಯನ್ನು ಬಳೆ ಏರಿಸಿದಂತೆ ಏರಿಸಿ, ಹೆಬ್ಬೆರಳಿನಿಂದ ಒತ್ತುತ್ತ ಹೋದೆ. ಬಿಗಿಯಾಗಿ ತುಂಬಿದರೆ ತಿರುವಿ ಗಂಟು ಮಾಡುವಾಗ ಒಡೆಯುತ್ತದೆ, ಸ್ವಲ್ಪ ಸಡಿಲ ಇರಲಿ. ಗಾಳಿ ಗುಳ್ಳೆ ಕಂಡಲ್ಲಿ ಸೂಜಿ ಚುಚ್ಚಬೇಕು. ಗೇಣುದ್ದಕ್ಕೊಂದು ತಿರುವು. ಒಂದು ರಾತ್ರಿ ಫ್ರಿಜ್ಜಿನಲ್ಲಿ ಮುಚ್ಚದೆ ಇಟ್ಟರೆ ಮೈ ಒಣಗಿ ಬಿಗಿಯಾಗುತ್ತದೆ.

ಮಾಡಿನಲ್ಲಿ ನೇತುಹಾಕಿ ತಿಂಗಳುಗಟ್ಟಲೆ ಒಣಗಿಸುವ ಆಸೆ ಮಾತ್ರ ಬೇಡ. ನಮ್ಮ ಸೀಮೆಯಲ್ಲಿ ಮಾಂಸ ಒಣಗಿಸುವ ವಿದ್ಯೆ ಇಲ್ಲವೆಂದಲ್ಲ. ಶಾಹು ಪಾಟೋಳೆಯವರು ಮರಾಠವಾಡಾದ ದಲಿತರ ಅಡುಗೆಯ ಬಗ್ಗೆ ಬರೆದ ‘ಅನ್ನ ಹೇ ಅಪೂರ್ಣಬ್ರಹ್ಮ’ದಲ್ಲಿ ಚಾನ್ಯಾ, ಅಂದರೆ ಬಿಸಿಲಿಗೆ ಒಣಗಿಸಿದ ಮಾಂಸದ ಪಟ್ಟಿಗಳ ಮಾತಿದೆ. ತೆಳ್ಳನೆಯ ಪಟ್ಟಿಗೆ ಎಲ್ಲ ಕಡೆ ಗಾಳಿ, ಬಿಸಿಲು ತಾಗುತ್ತದೆ. ಪೊರೆಯೊಳಗೆ ತುಂಬಿದ ಖೀಮಾಕ್ಕೆ ಗಾಳಿ ಸೋಕುವುದಿಲ್ಲ, ಅಂಥಲ್ಲೇ ಬೊಟ್ಯುಲಿಸಂ ವಿಷ ಹುಟ್ಟುವುದು. ಆ ರೋಗದ ಹೆಸರಿನಲ್ಲಿರುವ ‘ಬೊಟುಲಸ್’ ಲ್ಯಾಟಿನ್‌ನಲ್ಲಿ ಸಾಸೇಜೇ. 1820ರ ದಶಕದಲ್ಲಿ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಸಾಸೇಜು ತಿಂದು ಸತ್ತವರನ್ನು ಅಭ್ಯಾಸ ಮಾಡಿಯೇ ಅದನ್ನು ವಿವರಿಸಿದ. ನೈಟ್ರೈಟಿನ ಉಪ್ಪು, ತೇವದ ಲೆಕ್ಕ ಗೊತ್ತಿದ್ದವರ ಕೆಲಸ ಅದು. ನಾವು ಹಸಿಯದನ್ನು ಎರಡು ದಿನದೊಳಗೆ ಬೇಯಿಸಿ ತಿಂದು ಮುಗಿಸೋಣ.

ಬೇಯಿಸುವಾಗಲೂ ಅವಸರ ಬೇಡ. ಹಂಚಿನಲ್ಲಿ ಬೆರಳ ಗೆರೆಯಷ್ಟು ನೀರು, ಸಣ್ಣ ಉರಿ. ನೀರು ಇಂಗುವ ಹೊತ್ತಿಗೆ ಒಳಗಡೆ ಬೆಂದಿರುತ್ತದೆ. ಥರ್ಮಾಮೀಟರು ಇದ್ದವರಿಗೆ 71 ಡಿಗ್ರಿ. ಆಮೇಲೆ ತನ್ನದೇ ಚರಬಿಯಲ್ಲಿ ಕೆಂಪಗಾಗುತ್ತದೆ. ಈಗ ಚುಚ್ಚಿದರೆ ರಸ ಹೋಯಿತು.

ಆರು ಸಾಸೇಜು, ನಾಲ್ಕು ಕಡಕ ರೊಟ್ಟಿ, ಹಸಿ ಉಳ್ಳಾಗಡ್ಡಿ ಡಬ್ಬಿಯಲ್ಲಿಟ್ಟುಕೊಂಡು ಬಿಸಿ ಆರುವ ಮೊದಲೇ ಮಟನ್ ಅಂಗಡಿಗೆ ಹೋದೆ. ಮಾಮಾ ಕೈ ತೊಳೆದು ಬಂದು ಒಂದನ್ನು ಬೆಳಕಿಗೆ ಹಿಡಿದು ನೋಡಿದ, ಮೂಸಿದ, ಕಚ್ಚಿದ. ಪೊರೆ ಟಪ್ ಅಂದಿತು. ಎರಡನೆಯದನ್ನು ಕೇಳದೇ ತಗೊಂಡ.

“ಚಲೋ ಆಗೇದ್ರಿ ಸರ,” ಅಂದ, ಶೇಂಗಾ ಚಟ್ನಿಯ ಡಬ್ಬಿಗೆ ಕೈ ಚಾಚುತ್ತ. “ಖಾರ ಹಾಕೂದ ಮರತೀರಿ.”