ಹಳದಿ ಒಂದೇ, ಹದ ಬೇರೆ

ಕಥೆ, ಕವಿತೆಗಳ ಚರ್ಚೆಯೇ ಹೆಚ್ಚಾಗಿರುವ ನಮ್ಮ ಪತ್ರಿಕೆಯಲ್ಲಿ ಈ ಬಾರಿ ಸಿನಿಮಾದ ಬಣ್ಣದ ಮಾತು. ಚಿತ್ರೀಕರಣದ ನಂತರ ದೃಶ್ಯಗಳ ಬಣ್ಣವನ್ನು ಹದಕ್ಕೆ ತರುವ 'ಕಲರ್ ಗ್ರೇಡಿಂಗ್' ತಂತ್ರಜ್ಞರ ಕೆಲಸ, ಸಾಹಿತ್ಯದ ಓದುಗರಿಗೇಕೆ ಎಂದು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಬಣ್ಣವೂ ಒಂದು ವಿಶೇಷಣ. ಯಾವುದಕ್ಕೆ ಯಾವ ವಿಶೇಷಣ ಹಚ್ಚಿದ್ದಾರೆ ಎಂಬುದರಲ್ಲಿ ಹಚ್ಚಿದವರ ನಿಲುವು ತಿಳಿಯುತ್ತದೆ.

ಈ ಕೆಲಸಕ್ಕೊಂದು ಕ್ರಮವಿದೆ. ಇಂದಿನ ಕ್ಯಾಮೆರಾಗಳು 'ಲಾಗ್' ರೂಪದಲ್ಲಿ ಹಿಡಿದ ದೃಶ್ಯ ಮೊದಲಿಗೆ ಬೂದಿ ಮುಚ್ಚಿದಂತೆ ಪೇಲವವಾಗಿರುತ್ತದೆ. ಮೊದಲ ಹೆಜ್ಜೆ ಬೆಳಕು: ವೇವ್‌ಫಾರ್ಮ್ ನಕ್ಷೆ ನೋಡುತ್ತ ಕಪ್ಪು ಎಲ್ಲಿ ನಿಲ್ಲಬೇಕು, ಬಿಳುಪು ಎಲ್ಲಿಯವರೆಗೆ ಏರಬೇಕು ಎಂದು ಗೊತ್ತುಮಾಡುವುದು. ಎರಡನೆಯದು, ಬಿಳಿಯ ಬಟ್ಟೆ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳನ್ನು ಸರಿದೂಗಿಸುವುದು. ಮೂರನೆಯದು, ಬೇರೆ ಬೇರೆ ಹೊತ್ತಿನಲ್ಲಿ ತೆಗೆದ ಶಾಟ್‌ಗಳು ಒಂದೇ ಗಳಿಗೆಯವೆನಿಸುವಂತೆ ಹೊಂದಿಸುವುದು. ನಾಲ್ಕನೆಯದು, ಎಲೆಯ ಹಸುರನ್ನೋ ಒಂದು ಮುಖವನ್ನೋ ಮಾತ್ರ ಆಯ್ದು ತಿದ್ದುವುದು. ಇಡೀ ಚಿತ್ರಕ್ಕೆ ಒಂದು 'ಲುಕ್' ಕೊಡುವುದು ಕೊನೆಗೆ. ವರ್ಣಛಾಯೆ ಅಳೆಯುವ ವೆಕ್ಟರ್‌ಸ್ಕೋಪಿನಲ್ಲಿ ಒಂದು ಸೋಜಿಗವಿದೆ. ಮೈಬಣ್ಣ ಕಪ್ಪಿರಲಿ, ಬಿಳುಪಿರಲಿ, ಮನುಷ್ಯರೆಲ್ಲ ಅಲ್ಲಿ ಹೆಚ್ಚುಕಡಿಮೆ ಒಂದೇ ಗೆರೆಯ ಆಸುಪಾಸಿಗೆ ಬಂದು ನಿಲ್ಲುತ್ತಾರೆ!

ಕೋಯೆನ್ ಸಹೋದರರ 'ಓ ಬ್ರದರ್, ವೇರ್ ಆರ್ಟ್ ದೌ?' (2000) ಹೋಮರನ 'ಒಡಿಸ್ಸಿ'ಯನ್ನು 1937ರ ಮಿಸಿಸಿಪ್ಪಿಗೆ ತಂದ ಚಿತ್ರ. ನಿರ್ದೇಶಕರಿಗೆ ಬೇಕಿದ್ದದ್ದು ಧೂಳು ಹಿಡಿದ ಹಳೆಯ ಫೋಟೋದ ಬಣ್ಣ. 1999ರ ಬೇಸಿಗೆಯಲ್ಲಿ ಅಲ್ಲಿ ಇದ್ದದ್ದು ಕಣ್ಣು ತುಂಬುವ ಹಸುರು. ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಲ್ಯಾಬಿನ ರಾಸಾಯನಿಕ ವಿಧಾನಗಳನ್ನು ಪರೀಕ್ಷಿಸಿ ನೋಡಿದರು, ಫಲ ಕಾಣಲಿಲ್ಲ. ಕೊನೆಗೆ ಇಡೀ ಫಿಲ್ಮನ್ನು ಕಂಪ್ಯೂಟರಿಗೆ ಇಳಿಸಿ, 11 ವಾರ ಕೂತು, ಹಸುರನ್ನು ಮಾತ್ರ ಹಿಡಿದು ಸುಟ್ಟ ಹಳದಿಗೆ ತಿರುಗಿಸಿದರು. ಮಳೆ ಕಂಡ ನೆಲ ಬರಗಾಲದ್ದಾಯಿತು. ಇದು ಸುಳ್ಳೇ ಸರಿ. ಆದರೆ ಕಥೆಯ ಕಾಲ ಬೇಡಿದ ಸುಳ್ಳು. ಮುಖಗಳು ಮುಖಗಳಾಗಿಯೇ ಉಳಿದವು.

ಇಪ್ಪತ್ತು ವರ್ಷಗಳ ನಂತರ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಎಕ್ಸ್‌ಟ್ರಾಕ್ಷನ್' (2020) ಚಿತ್ರದ ಹಳದಿಯೇ ಬೇರೆ. ಕಥೆ ಢಾಕಾದ್ದು, ಚಿತ್ರೀಕರಣ ಬಹುಪಾಲು ಅಹಮದಾಬಾದ್ ಮತ್ತು ಥಾಯ್ಲೆಂಡಿನಲ್ಲಿ. ಸುಮಾರು 12 ನಿಮಿಷದ ಒಂದೇ ಶಾಟ್ ಎನಿಸುವ ಹೊಡೆದಾಟದ ಕೌಶಲಕ್ಕೆ ತಲೆದೂಗಲೇಬೇಕು. ಆದರೆ ನದಿಗಳ ನಾಡಿನ ರಾಜಧಾನಿಯ ಗಾಳಿ, ಗೋಡೆ, ಆಕಾಶವೆಲ್ಲ ಅರಿಸಿನ ನೀರಲ್ಲಿ ಅದ್ದಿ ತೆಗೆದಂತಿವೆ. ಸೆಖೆಯನ್ನು ತೋರಿಸಲು ಹಾಗೆ ಮಾಡಿದರು ಎಂದು ಒಪ್ಪೋಣ. ಸೆಖೆ ಮಯಾಮಿಯಲ್ಲೂ ಉಂಟು. ಅದಕ್ಕೆ ಹಾಲಿವುಡ್ ನೀಲಿ ಕಡಲನ್ನೂ ಗುಲಾಬಿ ಸಂಜೆಯನ್ನೂ ಕೊಡುತ್ತದೆ. ಇಲ್ಲಿ ಹಳದಿ ಬಂದದ್ದು ಕಥೆಯಿಂದಲ್ಲ, 'ಬಡ ದೇಶ ಹೀಗೇ ಇರುತ್ತದೆ' ಎಂಬ ರೂಢಿಯಿಂದ. ಅಂದರೆ ಕೊನೆಯ ಹೆಜ್ಜೆಯನ್ನು ಮೊದಲೇ ನಿಶ್ಚಯಿಸಿದಂತಾಯಿತು. ಸವಕಲು ವಿಶೇಷಣ ಎಂದು ನಾವು ಕವಿತೆಯಲ್ಲಿ ಗುರುತಿಸುವ ದೋಷವೇ ಇದು.

ಒಂದೇ ಬಣ್ಣ ಎಲ್ಲವನ್ನೂ ಆವರಿಸುವುದೇ ತಪ್ಪೆಂದು ನಮ್ಮ ವಾದವಲ್ಲ. ಕುವೆಂಪು ಅವರ 'ಹಸುರು' ಕವಿತೆಯಲ್ಲಿ ಬಣ್ಣ ಗದ್ದೆಯಿಂದ ಬಾನಿಗೆ, ಕಂಪಿಗೆ, ಸದ್ದಿಗೆ ಹಬ್ಬಿ ಕೊನೆಗೆ ಕವಿಯ ನೆತ್ತರಿಗೂ ಇಳಿಯುತ್ತದೆ. ಅದು ನೆಲದಿಂದ ಹುಟ್ಟಿ ನೋಡುವವನನ್ನೂ ಬದಲಿಸಿದ ಬಣ್ಣ. 'ಎಕ್ಸ್‌ಟ್ರಾಕ್ಷನ್'ನ ಹಳದಿ ನೋಡುವವನನ್ನು ಮುಟ್ಟದೆ ನೋಡಿಸಿಕೊಂಡವರ ಮೇಲಷ್ಟೇ ಬೀಳುತ್ತದೆ.

ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಅಜ್ಜಿಯ ಊರನ್ನು ರಜೆಯಲ್ಲಿ ನೋಡುತ್ತಾರೆ, ಪರದೆಯಲ್ಲಿ ಅದರ ನೆರೆಹೊರೆಯನ್ನು ವಾರವಾರವೂ ನೋಡುತ್ತಾರೆ. ಹಾಗಾಗಿ ಚಿತ್ರ ಮುಗಿದಾಗ ಕಥೆಯ ಜೊತೆಗೆ ಬಣ್ಣದ ಬಗ್ಗೆಯೂ ಅವರನ್ನು ಒಂದು ಮಾತು ಕೇಳಿ: ಈ ಊರಿನ ಎಲೆ ನಿಜಕ್ಕೂ ಯಾವ ಬಣ್ಣದ್ದು?