ಚಕ್ರಕ್ಕೆ ತಾಳ ಕೂಡಿದರೆ

ಎರಡು ಸಿಲಿಂಡರಿನ ಉಗಿ ಎಂಜಿನ್ನು ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸಲ ಭುಸುಗುಡಬೇಕು. ಜರ್ಮನಿಯ ಬಿಆರ್ 44ಕ್ಕೆ ಮೂರು ಸಿಲಿಂಡರು, ಹಾಗಾಗಿ ಆರು ಸಲ. 1:87 ಅಳತೆಯ ಮಾದರಿ ಎಂಜಿನ್ನಿಗೆ ಸೌಂಡ್ ಕೂರಿಸಿದವರ ಕೈಚಳಕವನ್ನು ನಾನು ಅಳೆಯುವುದು ಈ ಲೆಕ್ಕದಿಂದಲೇ. ಅಸಲಿ ಎಂಜಿನ್ನಿನ ಪಕ್ಕ ನಿಂತು ಎಷ್ಟೇ ಚೆನ್ನಾಗಿ ರೆಕಾರ್ಡ್ ಮಾಡಿದ್ದರೂ, ಚಕ್ರ ಒಂದು ಕಡೆ ಸದ್ದು ಇನ್ನೊಂದು ಕಡೆ ಆದರೆ ಕಿವಿ ಒಪ್ಪುವುದಿಲ್ಲ.

ಡಿಜಿಟಲ್ ಪದ್ಧತಿಯಲ್ಲಿ ಆದೇಶ ಬರುವುದು ಹಳಿಯ ಮೂಲಕ. ಎಂಜಿನ್ನೊಳಗಿನ ಡಿಕೋಡರ್ ಅದನ್ನು ಓದಿ ಮೋಟಾರು ತಿರುಗಿಸುತ್ತದೆ. ಇರುವ ಡಿಕೋಡರನ್ನು ಕೀಳದೆ ಸದ್ದು ಸೇರಿಸಲು ಸೂಸಿ ಎಂಬ ಜೋಡಣೆಯಿದೆ. ನಾಲ್ಕೇ ತಂತಿ: ಕೆಂಪಿನಲ್ಲಿ ವಿದ್ಯುತ್ತು, ಕಪ್ಪು ಗ್ರೌಂಡು, ಬೂದಿಯಲ್ಲಿ ಮಾಹಿತಿ, ನೀಲಿಯಲ್ಲಿ ಕ್ಲಾಕ್. ಪ್ಲಗ್ ಇದ್ದರೆ ಸಿಕ್ಕಿಸಿದರಾಯಿತು. ಬೆಸುಗೆ ಹಾಕಬೇಕಾಗಿ ಬಂದಾಗಲೇ ಫಜೀತಿ. ಇವೇ ನಾಲ್ಕು ಬಣ್ಣ ಡಿಕೋಡರಿನ ಸ್ವಂತ ತಂತಿಗಳಲ್ಲೂ ಇವೆ, ಕೆಲಸ ಮಾತ್ರ ಬೇರೆ. ಅಲ್ಲಿ ಕೆಂಪು ಕಪ್ಪು ಹಳಿಗೆ, ಬೂದಿ ಮೋಟಾರಿಗೆ, ನೀಲಿ ದೀಪಗಳ ಪ್ಲಸ್ಸಿಗೆ. ಬೇರೆ ನಾಲ್ಕು ಬಣ್ಣ ಹುಡುಕಿದ್ದರೆ ಯಾರ ಗಂಟು ಹೋಗುತ್ತಿತ್ತೋ!

ಸೂಸಿಯ ನಿಜವಾದ ಕೊರತೆ ಇನ್ನೊಂದಿದೆ. ಸೌಂಡ್ ಮಾಡ್ಯೂಲಿಗೂ ಮೋಟಾರಿಗೂ ನೇರ ಮಾತುಕತೆ ಇಲ್ಲ. ಡಿಕೋಡರ್ ಹೇಳಿದಷ್ಟೇ ಅದಕ್ಕೆ ಗೊತ್ತು. ಏರಿನಲ್ಲಿ ಎಂಜಿನ್ನು ಏದುಸಿರು ಬಿಡಬೇಕೆಂದರೆ ಹೊರೆಯ ಸುದ್ದಿ ಡಿಕೋಡರಿನಿಂದ ಬರಬೇಕು, ಎಲ್ಲ ಡಿಕೋಡರುಗಳೂ ಅದನ್ನು ಅಷ್ಟೇ ಚೆನ್ನಾಗಿ ಮುಟ್ಟಿಸುವುದಿಲ್ಲ. ಮೋಟಾರನ್ನೂ ಸದ್ದನ್ನೂ ಒಂದೇ ಬೋರ್ಡು ನೋಡಿಕೊಳ್ಳುವ ಇಎಸ್‌ಯು ಲೋಕ್‌ಸೌಂಡ್‌ನಂಥವುಗಳಲ್ಲಿ ಈ ತಾಪತ್ರಯವಿಲ್ಲ. ಹೊಸದಾಗಿ ಕೊಳ್ಳುವವರಿಗೆ ನನ್ನ ಮತ ಅದಕ್ಕೇ.

ಇನ್ನು ಪ್ರೋಗ್ರಾಮಿಂಗ್. ಎಲ್ಲವೂ ಸಿವಿ ಎಂಬ ಅಂಕಿಗಳ ಕಾರುಬಾರು. ಸೂಸಿಗೆ ಮೀಸಲಾದ ಸಿವಿಗಳು 897ರಿಂದ ಶುರು. ಕೆಲವು ಹಳೆಯ ಕಂಟ್ರೋಲರುಗಳು 255 ದಾಟಿ ಬರೆಯಲಾರವು. ಲೋಕ್‌ಸೌಂಡ್‌ನಲ್ಲಿ ಭುಸುಗುಡುವಿಕೆಯನ್ನು ಚಕ್ರಕ್ಕೆ ಹೊಂದಿಸುವುದು ಸಿವಿ 57 ಮತ್ತು 58. ಮೊದಲು ತೀರ ನಿಧಾನಗತಿಯಲ್ಲಿ ಓಡಿಸಿ, ಚಕ್ರ ನೋಡುತ್ತ ಎಣಿಸಿ 57 ಸರಿಮಾಡಬೇಕು, ಆಮೇಲೆ ವೇಗದಲ್ಲಿ 58. ಬಹುತೇಕರು ಇದನ್ನು ಬಿಟ್ಟು ನೇರವಾಗಿ ಸಿವಿ 63ಕ್ಕೆ, ಅಂದರೆ ವಾಲ್ಯೂಮಿಗೆ, ಕೈಹಾಕುತ್ತಾರೆ, ಅದೂ ಏರಿಸಲು! ಸದ್ದು ಸಣ್ಣದೆನಿಸಿದರೆ ನೋಡಬೇಕಾದ್ದು ಸ್ಪೀಕರಿನ ಹಿಂದಿನ ಡಬ್ಬಿ. ಅದು ಗಾಳಿ ಸೋರದಂತೆ ಮುಚ್ಚಿರದಿದ್ದರೆ ಮುಂದಿನ ಅಲೆಯನ್ನು ಹಿಂದಿನ ಅಲೆಯೇ ನುಂಗುತ್ತದೆ. ಡಬ್ಬಿ ಸರಿಯಿದ್ದರೂ ಬೆರಳಗಲದ ಸ್ಪೀಕರಿನಿಂದ ಎದೆ ನಡುಗಿಸುವ ಗುಡುಗು ಹುಟ್ಟದು, ಅದನ್ನು ಒಪ್ಪಿಕೊಳ್ಳಬೇಕು.

ಡೀಸೆಲ್ ಮಾದರಿಗಳಲ್ಲಿ ಎಣಿಸುವ ಕಷ್ಟವಿಲ್ಲ. ಸಿವಿ 3 ಹೆಚ್ಚಿಸಿ ಎಂಜಿನ್ನು ಮೊದಲು ಗುಡುಗಿ ಆಮೇಲೆ ನಿಧಾನಕ್ಕೆ ಕದಲುವಂತೆ ಮಾಡಿದರೆ ಭಾರದ ಭ್ರಮೆ ತಾನಾಗಿ ಬರುತ್ತದೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯೂಡಿಜಿ-4 ಕೇಳಿದವರಿಗೆ ಅಮೆರಿಕದ ಎಸ್‌ಡಿ70ಮ್ಯಾಕ್‌ನ ಸೌಂಡ್ ಫೈಲು ಗುರುತಿನದೇ ಎನಿಸೀತು, ಎರಡರಲ್ಲೂ ಇರುವುದು 16 ಸಿಲಿಂಡರಿನ ಇಎಂಡಿ 710. ಹಾರ್ನ್ ಮಾತ್ರ ಬದಲಿಸಿಕೊಳ್ಳಬೇಕು.